ಜೋಥಮ್ ದೊಡ್ಡಪ್ಪನ ಕಲ್ಲು

ಪೆಲ್ಟನ್, ಮ್ಯಾಸಚೂಸೆಟ್ಸ್
೯ ಅಕ್ಟೋಬರ್ ೧೮೩೧

ಗೌರವಾನ್ವಿತ ದೊಡ್ಡಪ್ಪನವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ತಮ್ಮನ ಮಗಳು, ಹೆಸರು ಕೆಜಾಯಾ. ತಗಡಿನ ಪಾತ್ರೆ ಮಾರಲು ಬರುವವನು ಹೋದ ವಾರ ನಮ್ಮ ಅಡುಗೆಮನೆಯಲ್ಲಿ ಕೂತು, ವರ್ಮಾಂಟಿನಲ್ಲಿ ಎಡಗಾಲು ಎಳೆದುಕೊಂಡು ನಡೆಯುವ ಮುದುಕರೊಬ್ಬರು ತನ್ನಿಂದ ಒಂದು ದೀಪ ಕೊಂಡರೆಂದೂ, ಅವರ ಹೆಸರು ಜೋಥಮ್ ವಿದರೆಲ್ ಎಂದೂ, ಅದು ನನ್ನ ಅಪ್ಪನ ಹೆಸರೇ ಅಲ್ಲವೇ ಎಂದೂ ಹೇಳಿದ. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನೀವು ಇನ್ನೂ ಬದುಕಿದ್ದೀರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಮರೆತರೆ? ಗಾಡಿ ಹೊಳೆಗೆ ಉರುಳಿದರೆ? ಆ ಮುದುಕರು ನೀವಲ್ಲದೆ ಬೇರೆ ಯಾರೋ ಆಗಿದ್ದರೆ? ಹಾಗಿದ್ದರೆ ಓದುತ್ತಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಕು, ಇದು ಮನೆಯ ಮಾತು.

ನಾನು ಶಾಲೆಗೆ ಹೋದದ್ದು ಎರಡು ಚಳಿಗಾಲ ಮಾತ್ರ. ಅಮ್ಮ ಹಾಸಿಗೆ ಹಿಡಿದ ಮೇಲೆ ಬಿಡಿಸಿದರು. ಅಮ್ಮ ಹೋದ ಮೇಲೆ ಯಾರೂ ವಾಪಸು ಕಳಿಸಲಿಲ್ಲ. ತಪ್ಪುಗಳಿದ್ದರೆ ಕ್ಷಮಿಸಬೇಕು.

ವಿಷಯ ನಿಮ್ಮ ಸಮಾಧಿಯ ಕಲ್ಲಿನದು. ಇದನ್ನು ಹೇಗೆ ಬರೆದರೂ ಕೆಟ್ಟದಾಗಿಯೇ ಕೇಳಿಸುತ್ತದೆ, ನಾಲ್ಕು ಸಲ ಬರೆದು ಒಲೆಗೆ ಹಾಕಿದ್ದಾಯಿತು. ಅಜ್ಜಿಗೆ, ಅಂದರೆ ನಿಮ್ಮ ತಾಯಿಗೆ, ತೊಂಬತ್ತೊಂದು. ಈ ಚಳಿಗಾಲ ದಾಟುವುದಿಲ್ಲ ಎಂದು ಅವಳೇ ಹೇಳುತ್ತಾಳೆ. ಅವಳಿಗೆ ಅಜ್ಜನ ಪಕ್ಕ ಮಲಗಬೇಕು. ಊರಿನ ಗೋರಿ ಮೈದಾನದಲ್ಲಿ ಅಜ್ಜ ಮಲಗಿರುವ ಕಡೆ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ನೀವು. ಅಂದರೆ ನಿಮ್ಮ ಕಲ್ಲು. ಅದರಾಚೆ ನಿಮ್ಮ ತಂಗಿಯರಾದ ಸಬ್‌ಮಿಟ್ ಮತ್ತು ಸಬ್‌ಮಿಟ್. ಮೊದಲನೆಯವಳು ಹೋದ ಮೇಲೆ ಹುಟ್ಟಿದವಳಿಗೆ ಎಲ್ಲರ ಮನೆಯಲ್ಲಿ ಮಾಡುವಂತೆ ಅದೇ ಹೆಸರಿಟ್ಟು, ಅವಳೂ ಗಂಟಲುಬೇನೆಯಲ್ಲಿ ಹೋದಳಲ್ಲ, ಆ ಇಬ್ಬರು. ನಡುವೆ ಖಾಲಿ ಇರುವುದು ನಿಮ್ಮ ಜಾಗ ಒಂದೇ. "ಜೋಥಮ್ ವಿದರೆಲ್, ೧೭೭೭ರ ಬೆನ್ನಿಂಗ್ಟನ್ ಕಾಳಗದಲ್ಲಿ ಬಿದ್ದವನು, ವಯಸ್ಸು ಹತ್ತೊಂಬತ್ತು" ಎಂದು ಈಗಲೂ ಚೆನ್ನಾಗಿ ಓದಬಹುದು.

ಕಲ್ಲು ಕೀಳೋಣ ಎಂದು ಅಪ್ಪನಿಗೆ ಹೇಳಿ ನೋಡಿದೆ. "ಅದು ಅವನದು. ಸತ್ತಿದ್ರೂ ಅವನದೇ, ಬದುಕಿದ್ರೂ ಅವನದೇ. ನಾನು ಮುಟ್ಟಲ್ಲ" ಅಂದರು. ಅವರು ಒಂದು ಸಲ ಅಂದರೆ ಮುಗಿಯಿತು. ಅದಕ್ಕೆ ಅವರಿಗೆ ಹೇಳದೆ ಬರೆಯುತ್ತಿದ್ದೇನೆ. ಕಲ್ಲು ತೆಗೆಯಬಹುದೆಂದು ಒಂದು ಸಾಲು ಬರೆದು ಕಳಿಸಿದರೆ ಸಾಕು. ಬದುಕಿರುವವರ ಹತ್ತಿರ ಇಂಥದ್ದು ಕೇಳುತ್ತಿದ್ದೇನೆ, ನನಗೇ ಹೆದರಿಕೆಯಾಗುತ್ತಿದೆ. ನಿಮ್ಮ ಆರೋಗ್ಯ ಹೇಗಿದೆ ಎಂದು ಮೊದಲೇ ಕೇಳಬೇಕಿತ್ತು. ಹೇಗಿದ್ದೀರಿ?

ನಿಮ್ಮ ತಮ್ಮನ ಮಗಳು,
ಕೆಜಾಯಾ ವಿದರೆಲ್

~

ಲೋವರ್ ಡನ್ಮೋರ್, ವರ್ಮಾಂಟ್
೨ ನವೆಂಬರ್ ೧೮೩೧

ಕೆಜಾಯಾ,

ಪತ್ರ ತಲುಪಿತು. ಆ ಮುದುಕ ನಾನೇ.

ಕಲ್ಲು ಕಿತ್ತುಹಾಕಿ. ನಾನು ನಿಲ್ಲಿಸಿದ್ದಲ್ಲ, ನನ್ನನ್ನು ಕೇಳಿ ನಿಲ್ಲಿಸಿದ್ದೂ ಅಲ್ಲ. ಒಳ್ಳೆಯ ಕರಿಕಲ್ಲು ಎಂದು ನೆನಪು. ಮಗುಚಿ ಹಾಕಿದರೆ ಬಾಗಿಲ ಮೆಟ್ಟಿಲಿಗೆ ಆಗುತ್ತದೆ.

ಮಗಳು ತಿರ್ಜಾಳ ಮನೆಯಲ್ಲಿದ್ದೇನೆ. ಹೆಂಡತಿ ಇಲ್ಲ. ಕಾಲು ಹಾಗೇ ಇದೆ. ಹೇಗಿದ್ದೀರಿ ಎಂದು ಕೇಳಿದ್ದಕ್ಕೆ ಇಷ್ಟು ಉತ್ತರ.

ಅಮ್ಮ ಇನ್ನೂ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ. ರೊಟ್ಟಿಯ ಅಂಚು ಮುರಿದು ಈಗಲೂ ಬೇರೆಯವರ ತಟ್ಟೆಗೆ ಹಾಕುತ್ತಾಳೆಯೇ?

ಪತ್ರ ಬರೆದವನು

~

ಪೆಲ್ಟನ್
೨೭ ನವೆಂಬರ್ ೧೮೩೧

ದೊಡ್ಡಪ್ಪನವರಿಗೆ,

ಹಾಕುತ್ತಾಳೆ. ಹಲ್ಲಿಲ್ಲ, ಅದಕ್ಕೇ ನನಗೆ ಹಾಕುತ್ತಾಳೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಹಲ್ಲಿದ್ದಾಗಲೂ ಹಾಗೇ ಮಾಡುತ್ತಿದ್ದಳೆಂದು ನಿಮ್ಮ ಪತ್ರದಿಂದ ಗೊತ್ತಾಯಿತು. ಅವತ್ತಿನಿಂದ ಆ ಅಂಚನ್ನು ಕೊನೆಗೆ ಉಳಿಸಿ ತಿನ್ನುತ್ತೇನೆ.

ನಾನು ಕೆಲಸ ಕೆಡಿಸಿದೆ. ನೀವು ಒಪ್ಪಿದ್ದೀರಿ, ಅಜ್ಜಿಗೆ ಸಮಾಧಾನವಾಗುತ್ತದೆ ಎಂದು ಕೃತಜ್ಞತೆಯ ಹಬ್ಬದ ದಿನ ಊಟವಾದ ಮೇಲೆ ಅವಳ ಹಾಸಿಗೆ ಪಕ್ಕ ಕೂತು ಓದಿದೆ. ಮೊದಲು ಅವಳು ಸುಮ್ಮನೆ ಕೇಳಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು. ಅವಳ ಕೈಯಲ್ಲಿ ಅಷ್ಟು ಬಲ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಕಿತ್ತುಹಾಕಿ ಅಂದನಾ? ಅವನ ಬಾಯಲ್ಲೇ?"

"ಪತ್ರದಲ್ಲಿ ಅಜ್ಜಿ."

"ಹಂಗಾದ್ರೆ ಅವನೇ ಬಂದು ಕೀಳಲಿ. ಬೇರೆಯವ್ರು ಕಿತ್ರೆ ಅವನನ್ನ ಎರಡನೇ ಸಲ ಮನೆಯಿಂದ ಆಚೆ ಹಾಕಿದಂಗೆ. ಯಾರಾದ್ರೂ ಕೈ ಹಚ್ಚಿದ್ರೋ, ನನ್ನನ್ನ ದನದ ಬೇಲಿ ಹತ್ರ ಹೂತುಬಿಡಿ, ಅಲ್ಲೇ ಬಿದ್ದಿರ್ತೀನಿ."

"ಅವರಿಗೆ ಎಪ್ಪತ್ತಮೂರು ವರ್ಷ ಅಜ್ಜಿ. ಕಾಲು ಬೇರೆ..."

"ನನಗೆ ತೊಂಬತ್ತೊಂದು. ನಾನೇನು ಕಾಯ್ತಾ ಇಲ್ವಾ?"

ಇದೆಲ್ಲ ಕೂಗಾಟದಲ್ಲೇ ನಡೆಯಿತು, ಅವಳಿಗೆ ಕಿವಿ ಮಂದ. ಅಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ಹೆದರಿ ಪತ್ರವನ್ನು ಮಡಿಲಿಗೆ ತುರುಕಿಕೊಂಡೆ. ಅವರು ಬೈಯಲಿಲ್ಲ. ಹೊರಗೆ ಹೋಗಿ ಕೊಡಲಿ ಮಸೆಯುತ್ತ ಕೂತರು. ಹಿಂದಿನ ದಿನವಷ್ಟೇ ಮಸೆದ ಕೊಡಲಿ ಅದು. ಸಂಜೆ ಹಾಲಿನ ಕೊಡ ಇಳಿಸುತ್ತ "ಬರ್ತಾನಾ?" ಎಂದರು. ಗೊತ್ತಿಲ್ಲಪ್ಪ ಅಂದೆ. ಅಷ್ಟೇ ಮಾತು.

ನಾನು ನಿಮ್ಮನ್ನು ಬನ್ನಿ ಎಂದು ಕರೆಯಲಾರೆ. ಹಿಮ ಬಿದ್ದಿದೆ, ದಾರಿ ನೆನೆಸಿಕೊಂಡರೆ ಭಯ. ಬರಬೇಡಿ ಎನ್ನಲೂ ಬಾಯಿ ಬರುತ್ತಿಲ್ಲ. ಬಂದು ನಿಮಗೇನಾದರೂ ಆದರೆ ತಿರ್ಜಾ ನನ್ನನ್ನು ಏನೆಂದುಕೊಂಡಾಳು? ಬರದೆ ಅಜ್ಜಿ ಹೋಗಿಬಿಟ್ಟರೆ ಅವಳನ್ನು ಎಲ್ಲಿ ಮಲಗಿಸುವುದು? ಈ ಎರಡರ ನಡುವೆ ನನಗೆ ನಿದ್ದೆಯಿಲ್ಲ.

ಕೆಜಾಯಾ

~

ಲೋವರ್ ಡನ್ಮೋರ್
೧೫ ಜನವರಿ ೧೮೩೨

ಕೆಜಾಯಾ,

ನಾನು ಬರುವುದಿಲ್ಲ. ಕಾಲಿನ ಕಾರಣಕ್ಕಲ್ಲ. ಯಾಕೆಂದು ಹೇಳುತ್ತೇನೆ, ಅಮ್ಮನಿಗೆ ಓದಿ ಹೇಳು ಅಥವಾ ಬಿಡು.

ಗುಂಡು ತಾಗಿದ್ದು ಸೊಂಟದ ಕೆಳಗೆ. ಪಕ್ಕದಲ್ಲಿದ್ದವನು ನಾನು ಬಿದ್ದದ್ದನ್ನು ನೋಡಿ ಊರಿಗೆ ಸುದ್ದಿ ತಂದ. ಅವನ ತಪ್ಪಿಲ್ಲ, ನಾನೂ ಹಾಗೇ ತಿಳಿದಿದ್ದೆ. ನದಿಯಾಚೆಯ ಡಚ್ ರೈತನೊಬ್ಬ ನನ್ನನ್ನು ತನ್ನ ಹುಲ್ಲಿನ ಕೊಟ್ಟಿಗೆಗೆ ಹೊತ್ತುಕೊಂಡು ಹೋದ. ಎಲೆಯೆಲ್ಲ ಉದುರುವವರೆಗೂ ಜ್ವರ. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ಆದರೂ ಅವನು ದಿನಾ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದು ನನ್ನ ಹೆಸರು ಹಿಡಿದು ಕರೆಯುತ್ತಿದ್ದ, ಉತ್ತರ ಕೊಡುತ್ತೇನೋ ಇಲ್ಲವೋ ಎಂದು ನೋಡುವುದಕ್ಕೆ.

ಊರಿಗೆ ಬಂದಾಗ ದಾರಿಯಲ್ಲಿ ಮೊದಲು ಸಿಕ್ಕಿದ್ದು ಗೋರಿ ಮೈದಾನ. ಹೊಸ ಕಲ್ಲೊಂದು ನಿಂತಿತ್ತು. ಪಾಪ, ಯಾರು ಹೋದರೋ ಎಂದು ಓದಿದೆ.

ಮನೆಯ ಬಾಗಿಲಲ್ಲಿ ನಿಂತೆ. ಅಮ್ಮನ ಮಡಿಲಲ್ಲಿ ಕೂಸು. ಅವಳು ನನ್ನನ್ನು ನೋಡಿದಳು, ಬಾಯಿ ತೆರೆದಳು, ಹೆಸರು ಬರಲಿಲ್ಲ. ಅಪ್ಪ ಕುರ್ಚಿ ಬಿಟ್ಟು ಏಳದೆಯೇ "ಆ ಹೆಸರು ದೇವರ ಮುಂದೆ ಈ ಕೂಸಿಗೆ ಕೊಟ್ಟಾಗಿದೆ, ವಾಪಸು ತಗೊಳ್ಳೋಕಾಗಲ್ಲ" ಅಂದ. ಕಲ್ಲು ತೆಗೆಯೋಣವೇ ಎಂದದ್ದಕ್ಕೆ "ಇರಲಿ ಬಿಡು, ಒಂದಲ್ಲ ಒಂದಿನ ಬೇಕಾಗುತ್ತೆ" ಅಂದ. ತಮಾಷೆಗೆ ಹೇಳಿದ್ದಲ್ಲ, ಅವನಿಗೆ ತಮಾಷೆ ಬರುತ್ತಿರಲಿಲ್ಲ. ಅವತ್ತಿನಿಂದ ಮನೆಯಲ್ಲಿ ನನ್ನ ಹೆಸರು ಸಿಪಾಯಿ. ಸಿಪಾಯಿ, ಸೌದೆ ತಾ. ಸಿಪಾಯಿ, ಊಟಕ್ಕೆ ಬಾ.

ಅದನ್ನೂ ಸಹಿಸಿಕೊಂಡೆ. ಮೇ ತಿಂಗಳಲ್ಲಿ ಊರ ಪಡೆಯ ಕವಾಯತು ದಿನ ಬಂತು. ಬಯಲಿನ ತುಂಬ ಜನ, ಶುಂಠಿ ರೊಟ್ಟಿ ಮಾರುವವರು, ನಗಾರಿ. ಕ್ಯಾಪ್ಟನ್ ಹಾಜರಿ ಕರೆಯುತ್ತ "ಜೋಥಮ್ ವಿದರೆಲ್!" ಎಂದ. ನಾನು ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನಿಂದ ಯಾವನೋ "ತೊಟ್ಟಿಲಲ್ಲಿ ಮಲಗವ್ನೆ ಸ್ವಾಮಿ!" ಎಂದು ಕೂಗಿದ. ಇನ್ನೊಬ್ಬ "ಇಲ್ಲ ಸ್ವಾಮಿ, ಗೋಡೆ ಪಕ್ಕ ಮಲಗವ್ನೆ!" ಎಂದ. ಇಡೀ ಬಯಲು ನಕ್ಕಿತು. ಕ್ಯಾಪ್ಟನ್ ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಮುಂದಿನ ಹೆಸರು ಕರೆದ.

ಆ ವಾರವೇ ಊರು ಬಿಟ್ಟೆ. ಇದಕ್ಕೆಲ್ಲ ಈಗ ಕೋಪವಿಲ್ಲ. ಆಯಾಸ ಇದೆ. ಹೆಸರು ಕರೆಯದ ಬಾಗಿಲಿಗೆ ಎಪ್ಪತ್ತಮೂರರಲ್ಲಿ ಇನ್ನೊಂದು ಸಲ ಹೋಗಿ ನಿಲ್ಲುವ ಶಕ್ತಿ ನನ್ನಲ್ಲಿಲ್ಲ.

ನಿನ್ನ ದೊಡ್ಡಪ್ಪ

~

ಪೆಲ್ಟನ್
೧೨ ಫೆಬ್ರವರಿ ೧೮೩೨

ದೊಡ್ಡಪ್ಪನವರಿಗೆ,

ಓದಿ ಹೇಳಿದೆ. ಹೇಳಬಾರದಿತ್ತೇನೋ. ಅಜ್ಜಿ ಆಗಲೇ ಗಂಜಿ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ, ಈಗ ಅದೂ ಅರ್ಧ. ನನ್ನಿಂದಲೇ ಎಂದು ನಾನು ಒಳಗೊಳಗೇ ಬೇಯುತ್ತಿದ್ದೇನೆ. ಆದರೆ ಅವಳು ನಿಮ್ಮ ಪತ್ರವನ್ನು ಮತ್ತೆ ಓದಿಸಿಕೊಂಡಳು. ಡಚ್ ರೈತನ ಭಾಗ ಬಂದಾಗ ಕಣ್ಣು ಮುಚ್ಚಿಕೊಂಡು ಕೈಯಾಡಿಸಿ ನಿಲ್ಲಿಸಿ, "ದೇವರು ಅವನಿಗೆ ಒಳ್ಳೇದು ಮಾಡಲಿ. ನಾನು ಮಾಡಬೇಕಾಗಿದ್ದನ್ನ ಅವನು ಮಾಡ್ದ" ಅಂದಳು.

ಆಮೇಲೆ ಹೇಳಿದ್ದನ್ನು ನನಗೆ ನೆನಪಿರುವಷ್ಟು ಅವಳ ಮಾತಲ್ಲೇ ಬರೆಯುತ್ತೇನೆ.

"ಸುದ್ದಿ ಬಂದ ವಾರವೇ ಹೆರಿಗೆ. ಭಾನುವಾರ ಬಂತು. ಬಾಣಂತಿ ಚರ್ಚಿಗೆ ಹೋಗೋ ಹಂಗಿಲ್ಲ. ಸೂಲಗಿತ್ತಿ ಕೂಸನ್ನ ಎತ್ತಿಕೊಂಡು ಹೋದ್ಲು, ಜೊತೆಗೆ ನಿಮ್ಮಜ್ಜ. ವಾಪಸು ಬಂದ್ಮೇಲೆ ಏನು ಹೆಸರಿಟ್ರಿ ಅಂದೆ. ಕೋಟು ಬಿಚ್ಚುತ್ತಾ 'ಜೋಥಮ್' ಅಂದ. ಸಬ್‌ಮಿಟ್‌ಗೆ ಮಾಡಿದಂಗೇ ಅಲ್ವಾ ಅಂದ. ಸಬ್‌ಮಿಟ್ ನನ್ನ ತೊಡೆ ಮೇಲೆ ಹೋದೋಳು ಕಣೇ, ನಾನೇ ಕಣ್ಣು ಮುಚ್ಚಿಸಿದ್ದು. ಇವನ ಹೆಣ ತೋರಿಸಿದ್ರಾ? ಟೋಪಿ ತೋರಿಸಿದ್ರಾ? ನಾನು ಗೋಡೆ ಕಡೆ ತಿರುಗಿ ಮಲಗಿದೆ. ಕೂಸನ್ನ ಆ ಹೆಸರಿಂದ ಕರೀಲಿಲ್ಲ. ಕರೆದ್ರೆ ದೊಡ್ಡವನು ಸತ್ತಿದ್ದಾನೆ ಅಂತ ಒಪ್ಪಿಕೊಂಡಂಗಲ್ವಾ?"

"ಮತ್ತೆ ಅವರು ಬಂದಾಗ ಯಾಕೆ ಕರೀಲಿಲ್ಲ ಅಜ್ಜಿ?"

ಅವಳು ಗೋಡೆ ಕಡೆ ಮುಖ ತಿರುಗಿಸಿದಳು. ನಿದ್ದೆ ಬಂತೆಂದುಕೊಂಡೆ.

"ಕರೆದ್ರೆ ಹೊಗೆ ಥರ ಹೋಗಿಬಿಡ್ತಾನೇನೋ ಅನ್ನಿಸ್ತು. ಆಮೇಲೆ ನಿಮ್ಮಜ್ಜ ಒಂದು ಸಲ ಅಂದಮೇಲೆ ಮುಗೀತು. ನಿನ್ನಪ್ಪನೂ ಹಾಗೇ ಅಲ್ವಾ."

ಅಪ್ಪ ಒಲೆಯ ಹತ್ತಿರ ಬೆನ್ನು ತಿರುಗಿಸಿ ಕೂತಿದ್ದರು. ಅವರು ಈ ವಿಷಯದಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕಂಡಿಲ್ಲ. ಅವತ್ತು ಬೆಂಕಿಯನ್ನೇ ನೋಡುತ್ತ ಹೇಳಿದರು: "ನನ್ನನ್ನೂ ಕರೀಲಿಲ್ಲ. ಮಗು, ಮಗು ಅಂತಲೇ ಕರೀತಿದ್ಲು. ಮೊದಲ ದಿನ ಶಾಲೆಗೆ ಹೋದಾಗ ಮೇಷ್ಟ್ರು 'ಜೋಥಮ್' ಅಂದ್ರು. ಯಾರನ್ನ ಕರೀತಾರೆ ಅಂತ ನಾನು ಹಿಂದೆ ತಿರುಗಿ ನೋಡ್ದೆ."

ದೊಡ್ಡಪ್ಪ, ಇದನ್ನು ಬರೆಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಹೆಸರನ್ನು ಅಪ್ಪ ತೆಗೆದುಕೊಂಡರೆಂದು ನೀವು ಅಂದುಕೊಂಡಿದ್ದರೆ, ಅದು ಅವರಿಗೂ ಸಿಕ್ಕಿರಲಿಲ್ಲ ಎಂದು ಹೇಳಬೇಕೆನಿಸಿತು.

ಹಾಸಿಗೆಯಿಂದ ಬಾಗಿಲು ಕಾಣಲೆಂದು ಅಜ್ಜಿ ತನ್ನ ಮಂಚ ತಿರುಗಿಸಿ ಹಾಕಿಸಿಕೊಂಡಿದ್ದಾಳೆ. ಅಲ್ಲಿ ಗಾಳಿ ನುಗ್ಗುತ್ತದೆ, ಕೇಳುವುದಿಲ್ಲ. ಕಂಬಳಿ ಹೊದಿಸಿದರೆ ತೆಗೆದುಹಾಕುತ್ತಾಳೆ.

ಕೆಜಾಯಾ

~

ಪೆಲ್ಟನ್
೩ ಮಾರ್ಚ್ ೧೮೩೨

ದೊಡ್ಡಪ್ಪನವರಿಗೆ,

ಅಜ್ಜಿ ಬುಧವಾರ ಬೆಳಿಗ್ಗೆ ಹೋದಳು. ಕಷ್ಟವಾಗಲಿಲ್ಲ. ನಾನು ಬಾಗಿಲು ತೆರೆದು ಸೌದೆ ತರುತ್ತಿದ್ದೆ, ಅವಳು ನನ್ನ ಕಡೆಯೇ ನೋಡುತ್ತಿದ್ದಾಳೆ ಎಂದುಕೊಂಡೆ.

ನೆಲ ಕಬ್ಬಿಣದ ಹಾಗೆ ಹೆಪ್ಪುಗಟ್ಟಿದೆ. ಪ್ರತಿ ವರ್ಷದ ಹಾಗೆ ಚಳಿಗಾಲದಲ್ಲಿ ಹೋದವರೆಲ್ಲ ಗುಡ್ಡದ ಬದಿಯ ಕಲ್ಲಿನ ಕೋಣೆಯಲ್ಲಿ ನೆಲ ಕರಗುವುದನ್ನು ಕಾಯುತ್ತಿದ್ದಾರೆ. ಅಜ್ಜಿಯ ಜೊತೆ ಇನ್ನಿಬ್ಬರು ಇದ್ದಾರೆ. ಬೀಗದ ಕೈ ಗೋರಿ ತೋಡುವ ಜೇಡಕ್ ಹತ್ತಿರ ಇದೆ. ಏಪ್ರಿಲ್ ಮುಗಿಯುವುದರೊಳಗೆ ಕೋಣೆ ಖಾಲಿಯಾಗಬೇಕೆಂದು ಅವನು ಹೇಳಿದ್ದಾನೆ, ಬಿಸಿಲು ಬಂದರೆ ಇಡಲಾಗುವುದಿಲ್ಲ.

"ಎಲ್ಲಿ ತೋಡಲಿ?" ಎಂದು ಅವನು ಅಪ್ಪನನ್ನು ಕೇಳಿದ. ಬೇಲಿಯ ಹತ್ತಿರ ತೋಡು ಎನ್ನಲು ಅವರಿಗೆ ಬಾಯಿ ಬಾರದು, ಕಲ್ಲು ಕೀಳಲು ಕೈ ಬಾರದು. ನಾನು ದಿನಾ ಕಿಟಕಿಯಿಂದ ಹಿಮ ಎಷ್ಟು ಕರಗಿತೆಂದು ನೋಡುತ್ತೇನೆ. ಕರಗದಿರಲಿ ಎಂದು ಬೇಡಿಕೊಳ್ಳುತ್ತೇನೆ. ಬಿತ್ತನೆ ಹತ್ತಿರ ಬರುವಾಗ ಇಂಥ ಪ್ರಾರ್ಥನೆ ಮಾಡುವವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಹೋಗುವ ಮುಂಚೆ ಅಜ್ಜಿ ನಮಗೆ ಒಂದು ಮಾತು ಹೇಳಿದ್ದಾಳೆ. ಅದನ್ನು ಪತ್ರದಲ್ಲಿ ಬರೆದರೆ ಪ್ರಯೋಜನವಿಲ್ಲ.

ಕೆಜಾಯಾ

~

ಪೆಲ್ಟನ್
೨ ಏಪ್ರಿಲ್ ೧೮೩೨

ಅಣ್ಣನಿಗೆ,

ನನಗೆ ಬರವಣಿಗೆ ಬಾರದು. ಮಗಳು ಇದನ್ನು ನೋಡಿಲ್ಲ.

ನೆಲ ಮೆತ್ತಗಾಗಿದೆ. ಮೇ ಮೊದಲ ವಾರದವರೆಗೆ ಅಮ್ಮನನ್ನು ಇಟ್ಟುಕೊಳ್ಳಲು ಜೇಡಕ್ ಒಪ್ಪಿದ್ದಾನೆ. ಅದಕ್ಕಿಂತ ಹೆಚ್ಚು ಆಗದು.

ಆ ಹೆಸರನ್ನು ನಾನು ಕೇಳಿ ತೆಗೆದುಕೊಂಡದ್ದಲ್ಲ. ಬುದ್ಧಿ ಬಂದಾಗಿನಿಂದ ಪ್ರತಿ ಬೇಸಿಗೆ ಆ ಕಲ್ಲಿನ ಸುತ್ತ ಹುಲ್ಲು ಕೊಯ್ದಿದ್ದೇನೆ. ನೀನು ಎಂದಾದರೂ ಬಂದರೆ ಗಲೀಜಾಗಿ ಕಾಣಬಾರದೆಂದು ಅಮ್ಮ ಕಳಿಸುತ್ತಿದ್ದಳು. ನನ್ನ ಹೆಸರಿನ ಕಲ್ಲಿನ ಸುತ್ತ ನಾನೇ ಕುಡುಗೋಲು ಹಿಡಿದು ಬಗ್ಗಿರುವುದನ್ನು ನೋಡಿ ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ನಿನ್ನನ್ನು ನೋಡಿ ನಕ್ಕರೆಂದು ಬರೆದಿದ್ದೀಯ. ನನ್ನನ್ನೂ ನೋಡಿ ನಕ್ಕಿದ್ದಾರೆ. ಸಾಕಾಗಿದೆ ಅಣ್ಣ.

ಎತ್ತುಗಳಿವೆ. ನೀನು ಬಂದು ಒಂದು ಕೈ ಹಚ್ಚಿದರೆ ಸಾಕು, ಭಾರವನ್ನು ನಾನು ಎಳೆಯುತ್ತೇನೆ.

ನಿನ್ನ ತಮ್ಮ

~

ಪೆಲ್ಟನ್
೬ ಮೇ ೧೮೩೨

ತಂಗಿ ತಿರ್ಜಾ,

ನಿನ್ನನ್ನು ನಾನು ನೋಡಿಲ್ಲ, ಆದರೂ ತಂಗಿ ಎನ್ನುತ್ತಿದ್ದೇನೆ. ಮೊದಲು ಮುಖ್ಯವಾದದ್ದು: ನಿನ್ನ ಅಪ್ಪ ಕ್ಷೇಮವಾಗಿ ತಲುಪಿದ್ದಾರೆ. ಕಾಲು ಊದಿಕೊಂಡಿದೆ, ಬಿಸಿನೀರಿನಲ್ಲಿ ಇಡಿಸಿದ್ದೇನೆ. ಕೆಮ್ಮು ಇಲ್ಲ, ನಿನ್ನೆ ಒಂದು ಸಲ ಕೆಮ್ಮಿದರು, ಅದು ಒಲೆಯ ಹೊಗೆಗೆ. ಊಟ ಮಾಡುತ್ತಿದ್ದಾರೆ. ಅಷ್ಟು ದೂರದಿಂದ ಬಂಡಿಗಳನ್ನು ಬದಲಾಯಿಸಿಕೊಂಡು ಕೆಸರಿನಲ್ಲಿ ಬರಲು ಅವರನ್ನು ಹೇಗೆ ಬಿಟ್ಟೆ ಎಂದು ನಿನ್ನ ಮೇಲೆ ಕೋಪವೂ ಬಂತು. ಬಿಟ್ಟದ್ದಕ್ಕೆ ಕಾಲು ಹಿಡಿಯಬೇಕೆಂದೂ ಅನ್ನಿಸಿತು.

ಗುರುವಾರ ಮಧ್ಯಾಹ್ನ ಬಂದರು. ನಾನು ಅಂಗಳದಲ್ಲಿ ಬೂದಿಯಿಂದ ಸಾಬೂನು ಕಾಯಿಸುತ್ತಿದ್ದೆ. ಗೇಟಿನ ಹತ್ತಿರ ಒಬ್ಬ ಮುದುಕರು ಕೋಲೂರಿ ನಿಂತು ಒಳಗೆ ಬರಲೋ ಬೇಡವೋ ಎಂದು ಬಾಗಿಲನ್ನು ನೋಡುತ್ತಿದ್ದರು. ಅಪ್ಪನ ಮೂಗು, ಅಪ್ಪನ ಭುಜ. ಕೇಳುವ ಅಗತ್ಯವೇ ಇರಲಿಲ್ಲ.

ಈಗ ಅಜ್ಜಿ ನಮಗೆ ಹೇಳಿದ್ದನ್ನು ನಿನಗೆ ಹೇಳಬೇಕು. "ಅವನು ಬಂದ ದಿನ, ತಾನು ಯಾರು ಅಂತ ಹೇಳೋ ಮೊದಲು ಯಾರಾದ್ರೂ ಅವನ ಹೆಸರು ಹಿಡಿದು ಕರೀರಿ. ನಾನಿದ್ರೆ ನಾನು ಕರೀತೀನಿ. ಇಲ್ದಿದ್ರೆ ನೀವು." ಆಗ ಹೂಂ ಅಂದಿದ್ದೆ. ಆದರೆ ಗೇಟಿನಲ್ಲಿ ನಿಂತ ಹಿರಿಯರನ್ನು, ಅಪ್ಪನ ಅಣ್ಣನನ್ನು, ಬರೀ ಹೆಸರು ಹಿಡಿದು ಕೂಗುವುದು ಹೇಗೆ? ನನ್ನ ನಾಲಗೆ ಹೊರಳಲಿಲ್ಲ. "ದೊಡ್ಡಪ್ಪಾ, ಕೆಸರು, ಜೋಪಾನ" ಎಂದುಬಿಟ್ಟೆ. ಅಜ್ಜಿ ಕೇಳಿಕೊಂಡದ್ದು ಒಂದೇ ಒಂದು, ಅದನ್ನೂ ನಾನು ಮಾಡಲಾಗಲಿಲ್ಲ ಎಂದು ಆಮೇಲೆ ಒಲೆಯ ಹಿಂದೆ ನಿಂತು ಅತ್ತೆ.

ಅಪ್ಪ ಕೊಟ್ಟಿಗೆಯಿಂದ ಬಂದರು. ಇಬ್ಬರೂ ಒಬ್ಬರ ಬೂಟು ಇನ್ನೊಬ್ಬರು ನೋಡುತ್ತ ನಿಂತರು. "ಬಂದ್ಯಾ" ಅಂದರು ಅಪ್ಪ. "ಬಂದೆ" ಅಂದರು ನಿನ್ನ ಅಪ್ಪ. ಊಟಕ್ಕೆ ಬೀನ್ಸ್ ಮತ್ತು ಜೋಳದ ರೊಟ್ಟಿ. ಇಬ್ಬರೂ ರೊಟ್ಟಿಯ ಅಂಚು ಮುರಿದರು, ಇಬ್ಬರೂ ನನ್ನ ತಟ್ಟೆಗೆ ಹಾಕಿದರು, ಇಬ್ಬರೂ ಒಂದೇ ಸಲ ನಿಂತ ಕೈಗಳನ್ನು ನೋಡಿಕೊಂಡರು.

ಮರುದಿನ ಬೆಳಿಗ್ಗೆ ಎತ್ತು ಕಟ್ಟಿಕೊಂಡು, ಹೊಲದ ಕಲ್ಲು ಎಳೆಯುವ ಜಾರುಹಲಗೆ ತೆಗೆದುಕೊಂಡು ಹೋದೆವು. ಜೇಡಕ್ ಗುದ್ದಲಿ ಹಿಡಿದು ಕಾಯುತ್ತಿದ್ದ. ಅವನ ಬಾಯಿ ನಿನಗೆ ಗೊತ್ತಿಲ್ಲ, ಹೆಣ ಹೊರುವಾಗಲೂ ಸುಮ್ಮನಿರುವವನಲ್ಲ.

"ಇವರ್ಯಾರು ವಿದರೆಲ್, ನೆಂಟ್ರಾ?"

ನಿನ್ನ ಅಪ್ಪನೇ ಉತ್ತರ ಕೊಟ್ಟರು: "ಈ ಕಲ್ಲಿನ ಕೆಳಗಿರೋನು."

ಜೇಡಕ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಹಂಗಾ. ಇಷ್ಟು ವರ್ಷ ಕೆಳಗೆ ಚಳಿ ಹೆಂಗಿತ್ತು?"

"ಮೇಲ್ಗಡೆಗಿಂತ ವಾಸಿ."

"ಜಾಗ ಖಾಲಿ ಮಾಡ್ತಿದ್ದೀರಿ ಅನ್ನಿ."

"ಅಮ್ಮನಿಗೆ ಬಿಟ್ಟುಕೊಡ್ತಿದ್ದೀನಿ."

ಅದಾದ ಮೇಲೆ ಜೇಡಕ್ ಟೋಪಿ ತೆಗೆದ. ಅವನು ತಾನಾಗಿ ಟೋಪಿ ತೆಗೆದದ್ದನ್ನು ಊರಲ್ಲಿ ಯಾರೂ ಕಂಡಿಲ್ಲ.

ಕಲ್ಲಿನ ಬುಡ ಬಿಡಿಸಿಯಾದ ಮೇಲೆ ಅಪ್ಪ ಪಕ್ಕಕ್ಕೆ ಸರಿದು ನಿಂತರು. ಮೊದಲ ಕೈ ನಿನ್ನ ಅಪ್ಪನದೇ ಆಗಬೇಕಿತ್ತು. ಅವರು ಕೋಲನ್ನು ನನಗೆ ಕೊಟ್ಟು ಎರಡೂ ಕೈಯಿಂದ ಕಲ್ಲಿನ ಹೆಗಲು ಹಿಡಿದು ನೂಕಿದರು. ಅದು ಅಲ್ಲಾಡಲಿಲ್ಲ. ಇನ್ನೊಂದು ಸಲ ನೂಕಿದರು. ಆಗ ಅಪ್ಪ ಎದುರು ಬದಿಗೆ ಹೋಗಿ ತಬ್ಬಿ ಹಿಡಿದರು. "ನೂಕ್ಬೇಡ, ಅಲ್ಲಾಡಿಸು. ಹಲ್ಲು ಕಿತ್ತಂಗೆ" ಅಂದರು. "ನನಗೇ ಹೇಳಿಕೊಡ್ತೀಯಾ? ನಿನಗಿಂತ ದೊಡ್ಡೋನು" ಅಂದರು ನಿನ್ನ ಅಪ್ಪ. "ಕಲ್ಲಿನ ಮೇಲೆ ಹತ್ತೊಂಬತ್ತು ಅಂತಿದೆ. ಚಿಕ್ಕೋನೇ ನೀನು" ಅಂದರು ಅಪ್ಪ. ನಾನು ಅಪ್ಪನ ಬಾಯಲ್ಲಿ ತಮಾಷೆ ಕೇಳಿದ್ದು ಅದೇ ಮೊದಲು. ಕಲ್ಲು ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ಮಣ್ಣು ಬಿಟ್ಟಿತು.

ಅದನ್ನು ಜಾರುಹಲಗೆಯ ಮೇಲೆ ಹೆಸರು ಮೇಲಾಗುವಂತೆ ಮಲಗಿಸಿದೆವು. ಮಧ್ಯಾಹ್ನ ಪಾದ್ರಿಗಳು ಬಂದರು, ಅಜ್ಜಿಯನ್ನು ಅಜ್ಜನ ಪಕ್ಕ ಇಳಿಸಿದೆವು. ಮಣ್ಣು ಮುಚ್ಚಿದ ಮೇಲೆ ಬಂದ ನಾಲ್ಕು ಜನವೂ ಹೋದರು. ಎಲ್ಲರಿಗೂ ಉಳುಮೆಯ ಅವಸರ.

ನಾವು ಹೊರಡಬೇಕಿತ್ತು. ಎತ್ತುಗಳು ತಲೆ ಅಲ್ಲಾಡಿಸುತ್ತಿದ್ದವು. ಅಪ್ಪ ಜಾರುಹಲಗೆಯ ಹತ್ತಿರ ಮಂಡಿಯೂರಿ ಚಾಕುವಿನಿಂದ ಕಲ್ಲಿನ ಅಕ್ಷರಗಳೊಳಗಿನ ಪಾಚಿ ಕೆರೆಯತೊಡಗಿದರು. ಈಗ ಯಾಕಪ್ಪಾ ಎಂದುಕೊಂಡೆ. ಕೆರೆದು ಮುಗಿಸಿ, ಚಾಕು ಮಡಿಚಿ, ಎದ್ದು ಬೆನ್ನು ನೆಟ್ಟಗೆ ಮಾಡಿ ನಿಂತರು. ನಿನ್ನ ಅಪ್ಪ ಗೋಡೆಗೆ ಒರಗಿ ಆ ಕಡೆ ನೋಡುತ್ತಿದ್ದರು.

ಕವಾಯತು ದಿನ ಬಯಲಿನ ತುದಿಗೂ ಕೇಳುವ ಹಾಗೆ ಕ್ಯಾಪ್ಟನ್ ಕರೆಯುತ್ತಾರಲ್ಲ, ಅಪ್ಪ ಆ ದನಿಯಲ್ಲಿ ಕೂಗಿದರು:

"ಜೋಥಮ್ ವಿದರೆಲ್!"

ಗೋಡೆಯ ಮೇಲಿದ್ದ ಕಾಗೆ ಹಾರಿತು. ಜೇಡಕ್ ಗುದ್ದಲಿ ಹಿಡಿದವನು ಹಾಗೇ ನಿಂತ. ನಿನ್ನ ಅಪ್ಪ ತಲೆ ಎತ್ತಲಿಲ್ಲ. ಅವರಿಗೆ ಸಿಟ್ಟು ಬಂತು, ಈಗ ಹೊರಟೇಬಿಡುತ್ತಾರೆ, ಈ ಊದಿದ ಕಾಲಿನಲ್ಲಿ ಎಲ್ಲಿಗೆ ಹೋಗುತ್ತಾರೆ ಎಂದು ನಾನು ಏನೇನೋ ಯೋಚಿಸಿದೆ. ಅವರು ಗೋಡೆ ಬಿಟ್ಟು ಮುಂದೆ ಬಂದರು. ಎಡಗಾಲನ್ನು ನಿಧಾನವಾಗಿ ಎಳೆದು ಬಲಗಾಲಿನ ಪಕ್ಕ ತಂದು ಜೋಡಿಸಿದರು. ಕೈ ಪಕ್ಕಕ್ಕೆ ಇಟ್ಟರು.

"ಇಲ್ಲಿದ್ದೀನಿ" ಅಂದರು.

ಅಪ್ಪ ತಲೆಯಾಡಿಸಿದರು, ಹಾಜರಿ ಹಾಕಿಕೊಂಡವರ ಹಾಗೆ. ಆಮೇಲೆ ಹೋಗಿ ಎತ್ತುಗಳ ಹಗ್ಗ ಹಿಡಿದರು.

ಕಲ್ಲು ಈಗ ನಮ್ಮ ಅಂಗಳದಲ್ಲಿದೆ. ಮಗುಚಿ ಬಾಗಿಲ ಮೆಟ್ಟಿಲಿಗೆ ಹಾಕು ಎನ್ನುತ್ತಾರೆ ನಿನ್ನ ಅಪ್ಪ. ತುಳಿಯೋಕೆ ನನಗಾಗಲ್ಲ ಎನ್ನುತ್ತಾರೆ ನನ್ನ ಅಪ್ಪ. ಮೂರು ಊಟ ಇದೇ ಜಗಳ. ನಡೆದಾಡುವಾಗ ಯಾರಾದರೂ ಎಡವಿ ಬೀಳುತ್ತಾರೆಂದು ನಾನು ಅದರ ಮೇಲೆ ಹಾಲಿನ ಕೊಡಗಳನ್ನು ಬೋರಲು ಹಾಕಿದ್ದೇನೆ. ಅದಕ್ಕೆ ಚೆನ್ನಾಗಿಯೇ ಆಗುತ್ತದೆ.

ಬಿತ್ತನೆ ಮುಗಿದ ಮೇಲೆ, ದಾರಿ ಒಣಗಿದ ಮೇಲೆ ಅವರನ್ನು ಕಳಿಸುತ್ತೇವೆ. ಅಪ್ಪನೇ ಅರ್ಧ ದಾರಿಗೆ ಜೊತೆ ಬರುತ್ತಾರಂತೆ. ನಿನ್ನ ಅಪ್ಪನ ಕಾಲುಚೀಲಗಳ ಹಿಮ್ಮಡಿ ಎರಡೂ ಹರಿದಿವೆ, ನಿನಗೆ ಗೊತ್ತಿತ್ತೇ? ಹೊಸದು ಹೆಣೆಯುತ್ತಿದ್ದೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ, ಅವರೂ ನಿನಗೆ ಏನೋ ಬರೆಯಬೇಕಂತೆ.

ನಿನ್ನ ಅಕ್ಕ,
ಕೆಜಾಯಾ

ತಿರ್ಜಾ, ಚೆನ್ನಾಗಿದ್ದೇನೆ. ಇವಳು ಕಾಲಿಗೆ ಇಷ್ಟು ಬಿಸಿನೀರು ಹಾಕಿದರೆ ಬೆಂದೇಹೋಗುತ್ತೇನೆ. ಸುಸ್ತಾಗಿದೆ. ನಿದ್ದೆ ಬರುತ್ತಿದೆ.

ನಿನ್ನ ಅಪ್ಪ,
ಜೋಥಮ್ ವಿದರೆಲ್